ಗಂಡು ಪಪ್ಪಾಯಿಗೆ ಸುರಿದ ನೀರು

ಹೊಳೆದಂಡೆಯ ಆಶ್ರಮಕ್ಕೆ ಈರಬಸು ನಲವತ್ತೆಂಟು ದಿನದ ವ್ರತ ಹಿಡಿದು ಬಂದಿದ್ದ. ಮಹಾ ಹಟಗಾರ. ತುಂಬು ಬಸುರಿ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು, ಇಲ್ಲಿ ಕೂತು ದೇವರಿಗೆ ಮಾಲೆ ಕಟ್ಟುತ್ತಿದ್ದ, ಪುಣ್ಯಾತ್ಮ!

ಅಂಗಳದಲ್ಲಿ ಎರಡು ಪಪ್ಪಾಯಿ ಮರ. ಗಂಡುಮರದ ತುಂಬ ಹೂಗೊಂಚಲು. ಹೆಣ್ಣುಮರದ ಕುತ್ತಿಗೆಯ ಸುತ್ತ ಒತ್ತೊತ್ತಾಗಿ ಕಾಯಿ. ಪೂಜೆಗೆ ಹೂ ಕೊಡುವ ಮರವೆಂದು ಈರಬಸು ಅಭಿಷೇಕದ ನೀರನ್ನೆಲ್ಲ ಗಂಡುಮರದ ಬುಡಕ್ಕೇ ಸುರಿಯುತ್ತಿದ್ದ.

ಮೂವತ್ತೇಳನೆಯ ದಿನ ಹೆಂಡತಿಯ ತಮ್ಮ ದ್ಯಾಮಣ್ಣ ಏದುಸಿರು ಬಿಡುತ್ತ ಬಂದ.

“ಮಾಮಾ, ಅಕ್ಕನ ಕೈಕಾಲು ಬಾತಾವು. ಎದ್ದು ನಿಲ್ಲಾಕೂ ಆಗವಲ್ದು. ನೀವು ಬರೂತನಕ ದವಾಖಾನಿಗೆ ಒಲ್ಲೆ ಅಂತಾಳ. ಒಂದ್ಸಲ ಬಂದು ಹೋಗ್ರಿ.”

“ಇನ್ನ ಹನ್ನೊಂದು ದಿನ ಐತಿ. ವ್ರತ ಮುರೀಲೇನು?”

ದ್ಯಾಮಣ್ಣ ಕಣ್ಣೊರೆಸಿಕೊಂಡು ಹಿಂತಿರುಗಿದ.

ಆಶ್ರಮದ ಗುರುಗಳಿಗೆ ಎಲ್ಲ ಕೇಳಿಸಿತ್ತು. “ಈರಬಸು, ಆ ಹೆಣ್ಣುಮರ ವಾಲೇತಿ. ಒಂದು ಕೋಲು ಆಸರಿ ಕೊಡು.”

“ವ್ರತ ಮುಗೀಲಿ ಅಜ್ಜಾರ. ಈಗ ಮಾಲಿ ಕಟ್ಟಬೇಕ್ರಿ.”



ಏಳು ದಿನ ಕಳೆದ ಮೇಲೆ ಜೋರು ಗಾಳಿ ಬೀಸಿತು. ಹೆಣ್ಣುಮರ ನಡು ಮುರಿದು ಬಿತ್ತು.

“ನೋಡ್ರಿ ಅಜ್ಜಾರ, ಒಂದ ಮಣ್ಣು, ಒಂದ ದಿನ ನೆಟ್ಟಿದ್ದು. ಗಂಡು ಹೆಂಗ ನೆಟ್ಟಗ ನಿಂತೈತಿ! ಹೆಣ್ಣಿಗೆ ತಾಳಿಕೊಳ್ಳೋ ಶಕ್ತಿನೇ ಇಲ್ಲ.”

ಗುರುಗಳು ಬಿದ್ದ ಮರದಿಂದ ಒಂದು ಹಣ್ಣು ಕಿತ್ತು ಸೀಳಿದರು. ಕರಿ ಬೀಜಗಳನ್ನು ಅವನ ಅಂಗೈಗೆ ಸುರಿದರು.

“ಇವು ಯಾರವು?”

“ಎರಡೂ ಮರದ್ವು.”

“ಹೊತ್ತದ್ದು ಯಾವುದು?”

“ಹೆಣ್ಣುಮರ.”

“ಗಂಡುಮರ ಏನು ಕೊಟ್ಟಿತು?”

“ಒಂದು ಚಿಟಿಕಿ ಹೂಪುಡಿ.”

“ನೀನು ನೀರು ಯಾವುದಕ್ಕ ಹಾಕಿದಿ?”

ಹೆಂಡತಿಯ ಬಾತ ಕಾಲು ಈರಬಸುವಿನ ಕಣ್ಣಿಗೆ ಕಟ್ಟಿತು. ಕಟ್ಟುತ್ತಿದ್ದ ಮಾಲೆ ಎಸೆದು ಬಾಗಿಲಿಗೆ ಓಡಿದ.

ಬಾಗಿಲಲ್ಲೇ ದ್ಯಾಮಣ್ಣ ಎದುರಾದ. ಕೈಯಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಎಳೆಕೂಸು.

“ಅಕ್ಕ ಹೋದ್ಲು. ತಗೋರಿ, ನಿಮ್ಮ ಮಗಳು.”

ಈರಬಸು ಕೂಸನ್ನು ಅವುಚಿಕೊಂಡು ಅಲ್ಲೇ ಕುಸಿದ. ಗೊಳೋ ಎಂದು ಅತ್ತ.

“ಅಜ್ಜಾರ, ನಾಕ ದಿನ ಉಳಿದಿತ್ತು. ವ್ರತ ಮುಗಿಸಿ ಹೋಗಾವನೇ ಇದ್ದೆ...”

ಗುರುಗಳು ಹೂಬುಟ್ಟಿ ತಂದು ಅವನ ಮುಂದಿಟ್ಟರು.

“ಮುಗಿಸಿಕೊಂಡೇ ಹೋಗಪ್ಪ. ಗಂಡುಮರಕ್ಕ ಅವಸರ ಯಾಕ?”