ಸ್ಟೆಪ್ನಿಗಿಲ್ಲದ ನಿಂಬೆಹಣ್ಣು

ಆಯುಧಪೂಜೆಯ ದಿನ ನನ್ನ ಕಾರಿನ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆ. ಮುಂದಿನ ಟೈರು ಬೀಗುತ್ತ, ಡಿಕ್ಕಿಯಲ್ಲಿದ್ದ ಸ್ಟೆಪ್ನಿಯನ್ನು ಕೆಣಕಿತು: "ಏನೋ ಸೋಮಾರಿ, ನಿನಗೆ ಚಿಟಿಕೆ ಕುಂಕುಮವೂ ಇಲ್ಲವೇ?"

"ಕುಂಕುಮ ಬೇಡಣ್ಣ, ಒಂದಿಷ್ಟು ಗಾಳಿ ಹಾಕಿಸಲು ಹೇಳು."

"ಕೂತಲ್ಲೇ ಕೂರುವವನಿಗೆ ಗಾಳಿ ಬೇರೆ ಕೇಡು!"

ಮುಂದೊಂದು ದಿನ ಮದುಮಗನನ್ನು ಮುಹೂರ್ತಕ್ಕೆ ಕರೆದೊಯ್ಯುವಾಗ ಮೊಳೆ ಚುಚ್ಚಿ ಆ ಟೈರು ಪಂಕ್ಚರ್ ಆಯಿತು. "ತಮ್ಮಾ, ಬಾರೋ, ನನ್ನ ಜಾಗಕ್ಕೆ ನಿಲ್ಲೋ!" ಎಂದು ಗೋಗರೆಯಿತು.

ಸ್ಟೆಪ್ನಿ ಬಂದು ನಿಂತಿತು, ನಿಂತಲ್ಲೇ ಚಪ್ಪಟೆಯಾಯಿತು. "ಜಾಗವೇನೋ ಕೊಟ್ಟೆ ಅಣ್ಣಾ, ಗಾಳಿ ಎಲ್ಲಿ?" ಎಂದಿತು.

ಕೊನೆಗೆ ಮದುಮಗನ ಸಮೇತ ಕಾರನ್ನು ನಾನೇ ಹೆಗಲ ಮೇಲೆ ಹೊತ್ತು ಮುಹೂರ್ತಕ್ಕೆ ಮುಟ್ಟಿಸಿದೆ. ನಂಬದಿದ್ದರೆ ಆ ಟೈರನ್ನೇ ಕೇಳಿ. ಈಗ ಗಾಳಿ ಹಾಕಿಸಲು ಹೋದಾಗಲೆಲ್ಲ ಅದೇ ಮೊದಲು ಕೂಗುತ್ತದೆ: "ನನ್ನದಿರಲಿ, ಮೊದಲು ತಮ್ಮನಿಗೆ ಹಾಕಿ!"