ಗ್ರೀಸಿನಲ್ಲಿ ಮುಚ್ಚಿದ ಸಂದು

ಬನ್ನಿ ಮಕ್ಕಳೇ, ಕಾಲು ಮಡಚಿ ಕೂತು ಕೇಳಿ. ಮೆಕ್ಯಾನಿಕ್ ಸೈದಪ್ಪ ಕಾರಿಗೆ ಬೇರೆ ಗೇರ್‌ಬಾಕ್ಸ್ ಹಾಕುವಾಗ ಅದರ ಬೇರಿಂಗ್, ಅಂದರೆ ತಿರುಗುವ ದಂಡವನ್ನು ಹಿಡಿದಿಡುವ ಉಕ್ಕಿನ ಬಳೆ, ತನ್ನ ಗೂಡಿನಲ್ಲಿ ಸಡಿಲವಾಗಿ ಕೂತಿತು.

ಪಕ್ಕದಲ್ಲಿ ಬಿದ್ದಿದ್ದ ಹಳೇ ಡಬ್ಬದ ತಗಡಿನ ಚೂರು, "ತಮ್ಮಾ, ನನ್ನನ್ನು ಸುತ್ತಿಕೋ, ಬಿಗಿಯಾಗುತ್ತೀಯ" ಎಂದಿತು.

"ಡಬ್ಬದ ಚೂರು ಕಟ್ಟಿಕೊಳ್ಳೋಕೆ ನಾನೇನು ಗತಿಗೆಟ್ಟವನಾ?" ಎಂದ ಬೇರಿಂಗ್, ಸೈದಪ್ಪನ ಕೈಗೆ ತಿಳಿಯದ ಹಾಗೆ ಗ್ರೀಸಿನಲ್ಲಿ ಸಂದು ಮುಚ್ಚಿಕೊಂಡಿತು.

ಬೇರಿಂಗಿನೊಳಗೆ ತಿರುಗಬೇಕಾದ ದಂಡ, ಶಾಫ್ಟ್, ಕೇಳಿತು, "ಗಟ್ಟಿಯಾಗಿ ಕೂತೆಯೇನೋ? ನನ್ನ ಜೀವ ನಿನ್ನ ಕೈಲಿದೆ."

"ಕೂತೆ, ಅಕ್ಕಾ."

ಕಾರು ಊರು ದಾಟುವ ಮೊದಲೇ ಗ್ರೀಸು ಕರಗಿತು, ಬೇರಿಂಗ್ ಅಲ್ಲಾಡಿತು, ಶಾಫ್ಟಿನ ಮೈಯೆಲ್ಲ ಗೀರಾಯಿತು.

"ಸಡಿಲ ಅಂತ ಒಂದು ಮಾತು ಹೇಳಬಾರದಿತ್ತೇನೋ?" ಎಂದಿತು ಶಾಫ್ಟ್.



ಕಾರು ವಾಪಸ್ ಬಂದಾಗ ಸೈದಪ್ಪ ಎಲ್ಲ ಬಿಚ್ಚಿ, ಬೇರಿಂಗಿಗೆ ಅದೇ ತಗಡು ಸುತ್ತಿ ಕೂರಿಸಿದ. ತಗಡು ಯಾರಿಗೂ ಕಾಣದೆ ಬಿಗಿ ಹಿಡಿದಿದೆ. ಶಾಫ್ಟ್ ಗೀರು ಹೊತ್ತೇ ತಿರುಗುತ್ತಿದೆ. ಬೇರಿಂಗ್ ಮಾತ್ರ ಇವತ್ತಿಗೂ ಅಕ್ಕನ ಮುಖ ನೋಡಲಾರದೆ ಸದ್ದಿಲ್ಲದೆ ದುಡಿಯುತ್ತಿದೆ.