ಒಡಕು ಬಿಂದಿಗೆಯ ನುಡಿ

"ಗುರುಗಳೇ, ರಾಗ ತಿಳಿಯದ, ತಾಳ ತಿಳಿಯದ ಮನುಷ್ಯ ಸಂಗೀತ ಕಛೇರಿಯಲ್ಲಿ ನಗೆಪಾಟಲಾಗದೆ ಕೂರುವುದು ಹೇಗೆ?"

ಶಿಷ್ಯ ಹೀಗೆ ಕೇಳಿದ್ದು ಸಭಾಭವನದ ಹಿಂದಿನ ಚಹಾದ ಅಂಗಡಿಯಲ್ಲಿ. ಒಳಗೆ ಕಛೇರಿ ಇನ್ನೂ ಮುಗಿದಿರಲಿಲ್ಲ. ಅವನು ನಡುವೆ ಎದ್ದು ಬಂದಿದ್ದ, ಅವನ ಹಿಂದೆಯೇ ಗುರುಗಳೂ ಬಂದಿದ್ದರು. ಶಿಷ್ಯನಿಗೆ ಇದು ಮೊದಲ ಕಛೇರಿ. ಗುರುಗಳಿಗೆ ಎಷ್ಟನೆಯದು ಎಂಬುದಕ್ಕೆ ಅವರು ದಿನಕ್ಕೊಂದು ಲೆಕ್ಕ ಹೇಳುತ್ತಿದ್ದರು.

ಗುರುಗಳು ಚಹಾ ಊದಿಕೊಂಡು ಒಂದು ಗುಟುಕು ಕುಡಿದರು.

"ಒಮ್ಮೆ ನಾನು ಹಾಡಿದಾಗ ಅರಸೀಕೆರೆಯಲ್ಲಿ ರೈಲು ನಿಂತುಬಿಟ್ಟಿತ್ತು, ಗೊತ್ತೇ? ಗಾರ್ಡ್ ಇಳಿದು ಬಂದು ಕೈಮುಗಿದ."

ಶಿಷ್ಯ ಕಣ್ಣರಳಿಸಿದ.

"ಸುಳ್ಳು," ಎಂದರು ಗುರುಗಳು. "ಸಿಗ್ನಲ್ಲಿನ ಕೈಮರ ಬಿದ್ದಿರಲಿಲ್ಲ, ಅದಕ್ಕೆ ನಿಂತಿತ್ತು. ಹಾಡುತ್ತಿದ್ದವನೂ ನಾನಲ್ಲ, ಕಡಲೆಕಾಯಿ ಮಾರುವವನು. ಆದರೆ ಈಗ ಹೇಳುವುದು ನಿಜ. ಬಹುಪಾಲು ನಿಜ."

ಹೀಗೆ ಪೀಠಿಕೆ ಹಾಕಿ ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಹಿತ್ತಾಳೆ ಪಾತ್ರೆಗಳ ವ್ಯಾಪಾರ. ಬಟ್ಟೆ ವ್ಯಾಪಾರಿ ಎಂದಿದ್ದರೂ ಆಗುತ್ತಿತ್ತು, ಆದರೆ ಬಟ್ಟೆಗೆ ಸದ್ದಿಲ್ಲ, ಈ ಕತೆಗೆ ಸದ್ದು ಬೇಕು. ಅವನ ಬಲಗೈ ಬೆರಳಿನಲ್ಲಿ ಒಂದು ದಪ್ಪ ಉಂಗುರವಿತ್ತು. ಯಾವ ಬಿಂದಿಗೆ ಕೈಗೆ ಬಂದರೂ ಆ ಉಂಗುರದಿಂದ ಒಮ್ಮೆ ತಟ್ಟಿ, ಕಿವಿಗೊಟ್ಟು, ಆಮೇಲೆ ಗಿರಾಕಿಗೆ ಕೊಡುತ್ತಿದ್ದ. ಅದು ಅವನ ಕಸುಬಿನ ಅಭ್ಯಾಸ. ಎಲ್ಲ ಪಾತ್ರೆ ವ್ಯಾಪಾರಿಗಳೂ ಮಾಡುವುದೇ.

ಒಂದು ಸಂಜೆ ಅವನು ಅಂಗಡಿಯ ಬಾಗಿಲು ಹಾಕಿ ಮನೆಗೆ ಹೊರಟಿದ್ದ. ದಾರಿಯ ಸಭಾಭವನದಿಂದ ಮೃದಂಗದ ಸದ್ದು ಬಂತು. ವ್ಯಾಪಾರಿ ನಿಂತ. ತನ್ನ ಅಂಗಡಿಯ ಸದ್ದುಗಳಿಗೆಲ್ಲ ಯಾರೋ ಮಾತು ಕಲಿಸಿದ್ದಾರೆ ಎನ್ನಿಸಿತು ಅವನಿಗೆ. ಒಳಗೆ ಹೋಗಿ ಕುರ್ಚಿಯಲ್ಲಿ ಕೂತ.

ಅಲ್ಲೇ ಆಗಿದ್ದು ಅನಾಹುತ. ಅವನಿಗೆ ಅರಿವಿಲ್ಲದಂತೆ ಅವನ ಉಂಗುರ ಕಬ್ಬಿಣದ ಕುರ್ಚಿಯ ಕೈಗೆ ತಟ್ಟತೊಡಗಿತು. ಠಣ್, ಠಣ್. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಒಬ್ಬ ರಸಿಕರು ಹಿಂದಿರುಗಿ ನೋಡಿದರು.

"ಸಾಹುಕಾರರೇ, ಇದು ಅಂಗಡಿಯಲ್ಲ."

ಅಷ್ಟೇ ಅಂದದ್ದು, ಮೆತ್ತಗೆ ಅಂದದ್ದು. ಆದರೆ ಆ ಸಾಲು ಪೂರ್ತಿ ನಕ್ಕಿತು. ವ್ಯಾಪಾರಿಯ ಕಿವಿ ಕೆಂಪಾಯಿತು. ಕೈಯನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತುಕೊಂಡ. ಮನೆಗೆ ಹೋದ ಮೇಲೂ ಆ ನಗು ಅವನ ಹಿಂದೆಯೇ ಬಂತು. ಊಟಕ್ಕೆ ಕೂತಾಗ ಹೆಂಡತಿ ತಟ್ಟೆ ಇಟ್ಟಳು, ಆ ಸದ್ದಿಗೂ ಬೆಚ್ಚಿದ.

ಬೇರೆಯವನಾಗಿದ್ದರೆ ಇನ್ನು ಆ ಕಡೆ ತಲೆ ಹಾಕುತ್ತಿರಲಿಲ್ಲ. ಇವನಿಗೆ ಮೃದಂಗದ ಹುಚ್ಚು ಹತ್ತಿತ್ತು. ಹೋಗದೆ ಇರಲಾಗಲಿಲ್ಲ. ಆದ್ದರಿಂದ ಒಂದು ಉಪಾಯ ಹೂಡಿದ. ಶಾಲಿನ ರಸಿಕರ ಹಿಂದಿನ ಕುರ್ಚಿ ಹಿಡಿದ. ಅವರು ತಲೆದೂಗಿದರೆ ತಾನೂ ತೂಗಿದ. ಅವರು ಕಣ್ಣು ಮುಚ್ಚಿದರೆ ತಾನೂ ಮುಚ್ಚಿದ, ತೆರೆದರೋ ಇಲ್ಲವೋ ಎಂದು ಒಂದು ಕಣ್ಣು ಮಾತ್ರ ಅರ್ಧ ತೆರೆದಿಟ್ಟುಕೊಂಡ. ಅವರು "ಆಹಾ" ಎಂದರೆ ಇವನ "ಆಹಾ" ಅದರ ಬೆನ್ನಿಗೇ ಬರುತ್ತಿತ್ತು. ಕೆಲವು ತಿಂಗಳಲ್ಲಿ ಊರಿನವರು, ಪಾತ್ರೆಯ ಸಾಹುಕಾರರಿಗೆ ಸಂಗೀತದ ಒಳ್ಳೆಯ ತಿಳಿವಳಿಕೆ ಇದೆ ಎನ್ನತೊಡಗಿದರು. ಅವನನ್ನು ಮೊದಲ ಸಾಲಿಗೆ ಕರೆದು, ರಸಿಕರ ಪಕ್ಕದಲ್ಲೇ ಕೂರಿಸಿದರು. ಪಕ್ಕದಲ್ಲಿ ಕೂತು ನಕಲು ಮಾಡುವುದು ಇನ್ನೂ ಸುಲಭ.

ಒಂದೇ ಒಂದು ತೊಂದರೆ.

ಕಛೇರಿಯಲ್ಲಿ ಒಂದು ಹೊತ್ತು ಬರುತ್ತದೆ. ಹಾಡುವವರು ಬಾಯಿ ಮುಚ್ಚುತ್ತಾರೆ, ಪಿಟೀಲಿನವರು ಕಮಾನು ಕೆಳಗಿಡುತ್ತಾರೆ, ಮೃದಂಗ ಒಂದೇ ಮಾತಾಡುತ್ತದೆ. ಅದಕ್ಕೆ ತನಿ ಎಂದು ಹೆಸರು. ವ್ಯಾಪಾರಿ ಕಛೇರಿಗೆ ಬರುತ್ತಿದ್ದದ್ದೇ ಅದಕ್ಕಾಗಿ. ಸರಿಯಾಗಿ ಆ ಹೊತ್ತಿಗೆ ರಸಿಕರು ಶಾಲು ಕೊಡವಿ ಏಳುತ್ತಿದ್ದರು. ಅವರು ಎದ್ದರೆ ಸಾಲು ಏಳುತ್ತಿತ್ತು, ಸಾಲು ಎದ್ದರೆ ಸಭೆ ಏಳುತ್ತಿತ್ತು. ಎಲ್ಲರೂ ಹಿಂದಿನ ಕ್ಯಾಂಟೀನಿಗೆ ಹೋಗಿ ವಡೆ ತಿಂದು ಕಾಫಿ ಕುಡಿಯುತ್ತಿದ್ದರು. ಬಲ್ಲವರು ಎದ್ದ ಮೇಲೆ ಕೂತಿರುವವನು ಎಂಥವನು? ವ್ಯಾಪಾರಿಯೂ ಏಳುತ್ತಿದ್ದ. ಕ್ಯಾಂಟೀನಿನ ಗೋಡೆಗೆ ಬೆನ್ನು ಕೊಟ್ಟು ನಿಂತು, ಗೋಡೆಯಲ್ಲಿ ಬಂದಷ್ಟನ್ನು ಕೇಳುತ್ತಿದ್ದ. ಮೃದಂಗ ಕೊನೆಯ ಮುಕ್ತಾಯಕ್ಕೆ ಬರುತ್ತಿದೆ ಎಂದು ಗೋಡೆಯಲ್ಲೇ ಗೊತ್ತಾಗುತ್ತಿತ್ತು. ಆಗ ಎಲ್ಲರೂ ಬಾಯಿ ಒರೆಸಿಕೊಂಡು ಒಳಗೆ ಓಡಿ, ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಕೇಳದೆ ಇದ್ದವರ ಚಪ್ಪಾಳೆ ಯಾವಾಗಲೂ ಸ್ವಲ್ಪ ಹೆಚ್ಚು ಜೋರು.

ಹೀಗಿರುವಾಗ ಒಂದು ದಿನ ಆ ಮೃದಂಗದ ವಿದ್ವಾಂಸರೇ ಅವನ ಅಂಗಡಿಗೆ ಬಂದರು. ಮನೆಗೆ ಒಂದು ಬಿಂದಿಗೆ ಬೇಕಾಗಿತ್ತು. ಸಾಲಾಗಿ ಇಟ್ಟಿದ್ದ ಬಿಂದಿಗೆಗಳನ್ನು ಬೆರಳಿನಿಂದ ತಟ್ಟುತ್ತ ಬಂದರು. ವ್ಯಾಪಾರಿ ಆನಂದದಿಂದ ಗಲ್ಲೆ ಬಿಟ್ಟು ಎದ್ದು ಬಂದ.

"ವಿದ್ವಾಂಸರೇ, ನಾನು ನಿಮ್ಮ ಮೃದಂಗಕ್ಕಾಗಿಯೇ ಕಛೇರಿಗೆ ಬರುವವನು."

"ಗೊತ್ತು, ಗೊತ್ತು. ಮೊದಲ ಸಾಲು, ಶಾಲಿನ ರಾಯರ ಪಕ್ಕ," ಎಂದು ವಿದ್ವಾಂಸರು ನಕ್ಕರು. "ನಾನು ಮೃದಂಗದ ಮೇಲೆ ಕೈ ಇಡುವುದಕ್ಕೂ ನೀವು ಎದ್ದೇಳುವುದಕ್ಕೂ ಎಷ್ಟು ಸರಿಯಾಗಿ ಹೊಂದುತ್ತದೆ ಅಂತೀರಿ! ಅಷ್ಟು ಸರಿಯಾಗಿ ನನ್ನ ಶಿಷ್ಯರೂ ತಾಳಕ್ಕೆ ಬೀಳುವುದಿಲ್ಲ. ಎಷ್ಟೋ ವರ್ಷದಿಂದ ನಾನು ಕುರ್ಚಿಗಳಿಗೆ ನುಡಿಸುತ್ತಿದ್ದೇನೆ ಸಾಹುಕಾರರೇ. ಈಗೀಗ ಕುರ್ಚಿಗಳಿಗೆ ಚೆನ್ನಾಗಿ ಲಯ ಹಿಡಿದಿದೆ."

ವ್ಯಾಪಾರಿ ತಲೆ ತಗ್ಗಿಸಿದ. ವಿದ್ವಾಂಸರು ಕೋಪದಿಂದ ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಹಾಗೇ ನಗುತ್ತ ಬಿಂದಿಗೆ ತಟ್ಟುತ್ತಿದ್ದರು. ಸಾಲಿನ ಕೊನೆಯ ಬಿಂದಿಗೆ ಮಾತ್ರ ದಬ್ ಎಂದಿತು.

"ಅದನ್ನು ಬಿಡಿ, ಅದು ಒಡಕು," ಎಂದು ವ್ಯಾಪಾರಿ ಅವಸರದಿಂದ ಹೇಳಿದ. "ಮಾರುವುದಕ್ಕೆ ಇಟ್ಟಿದ್ದಲ್ಲ, ಇಲ್ಲೇ ಉಳಿದುಬಿಟ್ಟಿದೆ."

ವಿದ್ವಾಂಸರು ಬಿಡಲಿಲ್ಲ. ಮುಂಚಿನ ಎರಡನ್ನೂ ಒಡಕನ್ನೂ ಒಟ್ಟಿಗೆ ತಟ್ಟಿದರು. ಠಣ್, ಠಣ್, ದಬ್. ಇನ್ನೊಮ್ಮೆ ತಟ್ಟಿದರು, ಈ ಸಲ ಸ್ವಲ್ಪ ತಡೆದು, ದಬ್ ಎಂಬುದು ಬರುತ್ತದೋ ಇಲ್ಲವೋ ಎಂದು ಕಾಯುವ ಹಾಗೆ ಮಾಡಿ, ತಟ್ಟಿದರು. ವ್ಯಾಪಾರಿಗೆ ತಡೆಯಲಾಗಲಿಲ್ಲ. ಅವನ ಉಂಗುರವೂ ಒಂದು ತಂಬಿಗೆಯ ಮೇಲೆ ತಟ್ಟತೊಡಗಿತು. ಇಬ್ಬರೂ ಗಿರಾಕಿಗಳನ್ನು ಮರೆತು ಹಾಗೇ ತಟ್ಟುತ್ತ ನಿಂತರು. ಅವನ ಉಂಗುರಕ್ಕೆ ಯಾರೂ ಇದು ಅಂಗಡಿಯಲ್ಲ ಎನ್ನಲಿಲ್ಲ. ಅದು ಅಂಗಡಿಯಲ್ಲೇ ಇತ್ತು.

"ಇದನ್ನು ನಾನು ಕದ್ದುಕೊಂಡು ಹೋಗುತ್ತೇನೆ," ಎಂದರು ವಿದ್ವಾಂಸರು.

"ಒಡಕು ಬಿಂದಿಗೆಯನ್ನೇ?"

"ಅದರ ಸದ್ದನ್ನು. ಬರುವ ಕಛೇರಿಯಲ್ಲಿ ನುಡಿಸುತ್ತೇನೆ. ಸಭೆಯಲ್ಲಿ ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ನಿಮಗೊಬ್ಬರಿಗೆ ಗೊತ್ತಾಗುತ್ತದೆ. ಆದರೆ ಕೂತಿರಬೇಕು."

"ಕುರ್ಚಿಗೆ ಕಟ್ಟಿಹಾಕಿಸಿಕೊಂಡಾದರೂ ಕೂರುತ್ತೇನೆ," ಎಂದ ವ್ಯಾಪಾರಿ. ಹಾಗೆ ಅನ್ನುವಾಗ ಅವನ ಮನಸ್ಸು ನಿಜವಾಗಿಯೂ ಹಾಗೇ ಇತ್ತು. ಇದನ್ನು ನೆನಪಿಡಬೇಕು.

ಕಛೇರಿಯ ದಿನ ಬಂತು. ವ್ಯಾಪಾರಿ ಎಲ್ಲರಿಗಿಂತ ಮೊದಲೇ ಹೋಗಿ ಕೂತ. ಹಾಡು ಯಾವುದು, ರಾಗ ಯಾವುದು, ಅವನಿಗೆ ಬೇಕಾಗಿರಲಿಲ್ಲ. ಆ ದಿನ ರಸಿಕರ ತಲೆಯ ಕಡೆಗೂ ನೋಡಲಿಲ್ಲ. ಕೊನೆಗೆ ಹಾಡುವವರು ನಿಲ್ಲಿಸಿದರು. ಪಿಟೀಲಿನವರು ಕಮಾನು ಕೆಳಗಿಟ್ಟರು. ವಿದ್ವಾಂಸರು ಮೃದಂಗವನ್ನು ಸರಿಮಾಡಿಕೊಂಡು, ಮೊದಲ ಸಾಲಿನ ಕಡೆಗೆ ನೋಡಿ, ಸ್ವಲ್ಪ ನಕ್ಕರು.

ರಸಿಕರು ಶಾಲು ಕೊಡವಿ ಎದ್ದರು. ಸಾಲು ಎದ್ದಿತು. ವ್ಯಾಪಾರಿ ಏಳಲಿಲ್ಲ.

"ಏನು ಸಾಹುಕಾರರೇ, ಬರುವುದಿಲ್ಲವೇ? ಇನ್ನು ಬರೀ ಮೃದಂಗ," ಎಂದರು ರಸಿಕರು.

ಹಿಂದಿನಿಂದ ಯಾರೋ ಅಂದರು, "ಇರಲಿ ಬಿಡಿ ರಾಯರೇ. ಅವರಿಗೆ ಅಂಗಡಿ ನೆನಪಾಗಿರಬೇಕು."

ಎಲ್ಲರೂ ನಕ್ಕರು. ದೊಡ್ಡ ನಗುವೇನಲ್ಲ, ಹಳೆಯ ನಗು. ವ್ಯಾಪಾರಿಯ ಕಿವಿ ಕೆಂಪಾಯಿತು. ಇಷ್ಟು ದಿನ ತೂಗಿದ ತಲೆ, ಇಷ್ಟು ದಿನ ಅಂದ ಆಹಾ, ಎಲ್ಲವನ್ನೂ ಈಗ ಎಲ್ಲರೂ ಒಟ್ಟಿಗೆ ನೋಡುತ್ತಿದ್ದಾರೆ ಎನ್ನಿಸಿತು. ಅವನು ಎದ್ದ. ಎದ್ದದ್ದು ತಾನಲ್ಲ, ಮೊಣಕಾಲು, ಎಂದು ಆಮೇಲೆ ಹೇಳಿಕೊಂಡ. ಮೊಣಕಾಲಿಗೆ ಬಾಯಿಲ್ಲ, ಆದ್ದರಿಂದ ಆ ವಿಚಾರಣೆ ಅಲ್ಲಿಗೇ ನಿಂತಿತು. ವೇದಿಕೆಯ ಕಡೆಗೆ ಬೆನ್ನು ತಿರುಗಿಸಿ ನಡೆದುಹೋದ. ಬೆನ್ನಿಗೆ ಕಣ್ಣಿಲ್ಲ ಅನ್ನುತ್ತಾರೆ. ಆ ದಿನ ಅವನಿಗೆ ಬೆನ್ನಿನ ತುಂಬ ಕಣ್ಣು.

ಕ್ಯಾಂಟೀನಿನಲ್ಲಿ ಯಾರೋ ಅವನ ಕೈಗೆ ವಡೆಯ ತಟ್ಟೆ ಕೊಟ್ಟರು. ರಸಿಕರು ಮಾತ್ರ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲಿನಿಂದ ಕೈ ಒರೆಸಿಕೊಳ್ಳುತ್ತ ಬಂದರು.

"ರಾಯರೇ, ಒಂದು ಮಾತು ಕೇಳಲೇ?" ಎಂದ ವ್ಯಾಪಾರಿ. "ತನಿ ಕೇಳುವುದು ಬಲ್ಲವರಿಗೆ ತಕ್ಕದ್ದಲ್ಲವೇ?"

"ಯಾವ ಮೂರ್ಖ ಹಾಗೆ ಹೇಳಿದ?" ಎಂದು ರಸಿಕರು ಬೆರಗಾದರು. "ಕೇಳಬೇಕೆಂದು ನನಗೆ ಎಷ್ಟು ಆಸೆ! ಏನು ಮಾಡಲಿ, ಸಕ್ಕರೆ ಕಾಯಿಲೆ. ಅಷ್ಟು ಹೊತ್ತು ಕೂತ ಮೇಲೆ ಒಂದು ನಿಮಿಷವೂ ತಡೆಯಲಾರೆ. ಹಾಡಿನ ನಡುವೆ ಎದ್ದರೆ ಹಾಡುವವರಿಗೆ ನೋವು, ಅದಕ್ಕೆ ಇಲ್ಲಿಯವರೆಗೆ ಹಲ್ಲು ಕಚ್ಚಿ ಕೂರುತ್ತೇನೆ. ನನಗೇನೋ ಕಾಯಿಲೆ ಬಂದಿದೆ. ನಿಮಗೆಲ್ಲ ಏನು ಬಂದಿದೆ ಸಾಹುಕಾರರೇ?"

ವ್ಯಾಪಾರಿ ತಟ್ಟೆಯ ಕಡೆ ನೋಡಿದ. ಬಾಯಲ್ಲಿ ವಡೆ ಇತ್ತು. ಆಗ ಗೋಡೆಯಾಚೆಯಿಂದ ಬಂತು.

ಠಣ್, ಠಣ್, ದಬ್.

ಅವನು ಅಗಿಯುವುದನ್ನು ನಿಲ್ಲಿಸಿದ. ಮತ್ತೊಮ್ಮೆ ಬಂತು. ಈ ಸಲ ಸ್ವಲ್ಪ ತಡೆದು. ಖಾಲಿ ಸಭೆಯಲ್ಲಿ ಮನುಷ್ಯನೊಬ್ಬ ಅವನ ಅಂಗಡಿಯನ್ನು ನುಡಿಸುತ್ತಿದ್ದ. ಎಡಗೈಯ ಪೆಟ್ಟಿನಲ್ಲಿ ಆ ಒಡಕು ಬಿಂದಿಗೆ ಅಷ್ಟು ಚೆನ್ನಾಗಿತ್ತೆಂದರೆ, ಸರಿಯಿದ್ದ ಬಿಂದಿಗೆಗಳೆಲ್ಲ ಅದಕ್ಕಾಗಿ ಕಾಯುತ್ತಿದ್ದವು. ಕ್ಯಾಂಟೀನಿನಲ್ಲಿ ಒಬ್ಬರು ಚಟ್ನಿಗೆ ಖಾರ ಸಾಲದು ಎಂದರು.

ತಟ್ಟೆ ಬಿಟ್ಟು ವ್ಯಾಪಾರಿ ಓಡಿದ. ಆದರೆ ಬಾಗಿಲಿನಲ್ಲಿ ಜನ ತುಂಬಿದ್ದರು. ಮುಕ್ತಾಯ ಗೋಡೆಯಲ್ಲಿ ಕೇಳಿಸಿತ್ತು, ಎಲ್ಲರೂ ಚಪ್ಪಾಳೆಗೆ ಓಡುತ್ತಿದ್ದರು. ಅವನು ಕುರ್ಚಿ ಮುಟ್ಟುವಾಗ ತನಿ ಮುಗಿದಿತ್ತು. ಸಭೆ ಗುಡುಗುವ ಹಾಗೆ ತಟ್ಟುತ್ತಿತ್ತು. ಅವನ ಕೈಗಳೂ ತಟ್ಟಿದವು. ವಿದ್ವಾಂಸರು ಸಭೆಗೆ ಕೈಮುಗಿದರು. ಮೊದಲ ಸಾಲಿನ ಕಡೆಗೆ ನೋಡಲಿಲ್ಲ.

ಕಛೇರಿ ಮುಗಿದ ಮೇಲೆ ವಿದ್ವಾಂಸರು ಮೃದಂಗಕ್ಕೆ ಗವಸು ತೊಡಿಸುತ್ತಿದ್ದರು. ವ್ಯಾಪಾರಿ ವೇದಿಕೆಯ ಹತ್ತಿರ ಹೋಗಿ ನಿಂತ. ತಪ್ಪಾಯಿತು ಎನ್ನಬೇಕೆಂದೇ ಹೋಗಿದ್ದ. ಬಾಯಿಗೆ ಬಂದದ್ದು ಬೇರೆ.

"ಕೇಳಿದೆ ವಿದ್ವಾಂಸರೇ. ಆ ಒಡಕು ಬಿಂದಿಗೆ! ಎಂಥ ನುಡಿ!"

ಅದು ಸುಳ್ಳಾಗಿರಲಿಲ್ಲ. ಸುಳ್ಳಿಗಿಂತ ಕೆಟ್ಟದ್ದಾಗಿತ್ತು.

ವಿದ್ವಾಂಸರು ತಲೆಯೆತ್ತಿ ಅವನ ಮುಖವನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಅವನ ಕೈಗೆ ಕೊಟ್ಟರು.

"ಒರೆಸಿಕೊಳ್ಳಿ. ಮೀಸೆಗೆ ಚಟ್ನಿ ಹತ್ತಿದೆ."

ಗುರುಗಳು ಕತೆ ನಿಲ್ಲಿಸಿ ಲೋಟದ ತಳದಲ್ಲಿದ್ದ ಚಹಾ ಕುಡಿದರು.

ಶಿಷ್ಯ ಕೇಳಿದ, "ಆಮೇಲೆ ಆ ವ್ಯಾಪಾರಿ ಏನು ಮಾಡಿದ?"

"ಪಾತ್ರೆ ಮಾರಿದ. ಇನ್ನೇನು ಮಾಡುತ್ತಾನೆ? ಆದರೆ ಉಂಗುರ ತೆಗೆದಿಟ್ಟ. ಗಿರಾಕಿಗಳಿಗೆ, ನೀವೇ ತಟ್ಟಿ ನೋಡಿಕೊಳ್ಳಿ ಎಂದು ಹೇಳಿ, ಅವರು ತಟ್ಟುವಾಗ ಒಳಗೆ ಹೋಗಿಬಿಡುತ್ತಿದ್ದ."

"ಗುರುಗಳೇ, ನನ್ನ ಪ್ರಶ್ನೆಗೆ ಉತ್ತರ ಕೊಡಲೇ ಇಲ್ಲ. ನಗೆಪಾಟಲಾಗದೆ ಕೂರುವುದು ಹೇಗೆ?"

"ನೀನು ಈಗ ಯಾಕೆ ಎದ್ದು ಬಂದೆ?"

"ಮುಂದಿನ ಸಾಲಿನವರೆಲ್ಲ ಎದ್ದರಲ್ಲ, ಅದಕ್ಕೆ..." ಎಂದ ಶಿಷ್ಯ. ಅಷ್ಟು ಹೇಳಿ ನಿಲ್ಲಿಸಿದ. ಅಂಗಡಿಯ ಗೋಡೆಯಾಚೆ ಮೃದಂಗ ಒಂದೇ ನುಡಿಯುತ್ತಿತ್ತು. ಅವರು ಬಂದಾಗಿನಿಂದ ನುಡಿಯುತ್ತಲೇ ಇತ್ತು. ಶಿಷ್ಯನ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು.

ಗುರುಗಳು ಲೋಟ ಕೆಳಗಿಟ್ಟು ಒಳಗೆ ಹೋಗಲು ಎದ್ದರು.

"ಚಹಾದ ದುಡ್ಡು ನೀನೇ ಕೊಡಪ್ಪ, ನೀನು ಎದ್ದೆಯೆಂದು ಎದ್ದು ಬಂದವನು ನಾನು."